ಕಿಟಕಿ ಪಕ್ಕದ ಉಪಪಾತ್ರ

ಕಾದಂಬರಿ ಎಂದರೇನು, ಅದು ಯಾವ ಯಾವ ಅಂಗಗಳಿಂದ ಕೂಡಿರುತ್ತದೆ ಎಂದು ಒಂಬತ್ತನೇ ತರಗತಿಗೆ ಕಲಿಸುವ ಪಾಠ ವರ್ಷಕ್ಕೊಮ್ಮೆ ಬರುತ್ತಿತ್ತು. ಆ ವಾರ ಅಡ್ಡಗೆರೆ ಮೇಡಂ ಅವರ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ವ್ಯಾಕರಣದ ವಾರಗಳಲ್ಲಿ ಮುಖ ಗಂಟಿಕ್ಕಿಕೊಂಡು ಬರುವವರು ಆಗ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿ ಬರುತ್ತಿದ್ದರು.

ಅಡ್ಡಗೆರೆ ಎಂಬುದು ಮಕ್ಕಳು ಇಟ್ಟ ಹೆಸರು. ಉತ್ತರಪತ್ರಿಕೆಯಲ್ಲಿ ಬೇಡದ ಮಾತೊಂದು ಕಂಡರೆ ಸಾಕು, ಮೇಡಂ ಅವರ ಕೆಂಪು ಪೆನ್ನು ಸರ್ರನೆ ಅದರ ಮೇಲೆ ಹರಿಯುತ್ತಿತ್ತು. ಇಪ್ಪತ್ತಾರು ವರ್ಷಗಳಲ್ಲಿ ಎಷ್ಟು ಮಾತುಗಳ ಕುತ್ತಿಗೆ ಹಿಚುಕಿದ್ದರೋ ಅವರಿಗೇ ತಿಳಿಯದು. ಹೆಸರು ಸ್ಟಾಫ್ ರೂಮಿಗೂ ಹಬ್ಬಿ, ಕೊನೆಗೆ ಅವರಿಗೂ ಅದರ ಮೇಲೆ ಒಂದು ಬಗೆಯ ಮೋಹ ಹುಟ್ಟಿತ್ತು. ಬಿರುದು ಯಾರಿಗೆ ಬೇಡ?

ಕಾದಂಬರಿಯ ಪಾಠಕ್ಕೆ ಅವರದೇ ಒಂದು ಪರೀಕ್ಷೆ ಇತ್ತು. "ಒಂದು ಪಾತ್ರ ಕಥೆಗೆ ಬೇಕೋ ಬೇಡವೋ ಅಂತ ಹೇಗೆ ಗೊತ್ತಾಗುತ್ತೆ? ಅದರ ಮೇಲೆ ಒಂದು ಗೆರೆ ಎಳೀರಿ. ಕಥೆ ಕುಂಟಿದ್ರೆ ಪಾತ್ರ ಬೇಕು. ಏನೂ ಆಗೇ ಇಲ್ವೇನೋ ಅನ್ನೋ ಹಾಗೆ ನಡ್ಕೊಂಡು ಹೋದ್ರೆ ಆ ಪಾತ್ರ ದಂಡ. ಕರುಣೆ ತೋರಿಸಬೇಡಿ." ಮಕ್ಕಳಿಗೆ ಈ ಮಾತು ಬಹಳ ಹಿಡಿಸುತ್ತಿತ್ತು. ಕರುಣೆ ತೋರಿಸಬೇಡಿ ಎಂದು ಹೇಳುವ ಶಿಕ್ಷಕರು ದಿನಾ ಸಿಗುತ್ತಾರೆಯೇ?

ಆ ಬುಧವಾರ ಮೇಡಂ ಬೋರ್ಡಿನ ಎಡಗಡೆ ಪಟ್ಟಿ ಬರೆದರು: ಪಾತ್ರ, ಸ್ಥಳ, ಕಾಲ, ಕಥೆಯ ಓಟ, ಸಂಘರ್ಷ, ದೃಷ್ಟಿಕೋನ. ಪಾತ್ರದ ಕೆಳಗೆ ಚಿಕ್ಕದಾಗಿ ಇನ್ನೂ ನಾಲ್ಕು: ಮೈ, ಮನೆ, ಒಂದು ಗುರುತು, ಒಂದು ಬಯಕೆ. "ಮೊದಲ ಮೂರು ಬರೀ ಅಂಗಿ-ಚಪ್ಪಲಿ ಇದ್ದ ಹಾಗೆ," ಎಂದರು. "ಬಯಕೆ ಅಂದ್ರೆ ಉಸಿರು. ಏನೂ ಬೇಡದ ಪಾತ್ರ ಹೆಣ."

ಪ್ರತಿ ವರ್ಷ ಅವರು ಪಠ್ಯದ ಕಥೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತಿದ್ದರು. ಅವತ್ತು ಹುರುಪು ಹೆಚ್ಚಾಗಿ, "ನಮ್ಮ ಕ್ಲಾಸೇ ಒಂದು ಕಾದಂಬರಿ ಅಂತ ಇಟ್ಕೊಳ್ಳೋಣ" ಎಂದುಬಿಟ್ಟರು. ಬೋರ್ಡಿನ ಬಲಗಡೆ ಬೆಂಚುಗಳ ಸಾಲು ಬರೆದು, ಯಾರು ಎಲ್ಲಿ ಕೂರುತ್ತಾರೋ ಅಲ್ಲಿ ಅವರವರ ಅಡ್ಡಹೆಸರು ಬರೆದರು. ಮುಂದಿನ ಬೆಂಚಿನಲ್ಲಿ ಮಾತಿನಮಲ್ಲಿ. ನಡುವೆ ಆರಡಿಯ ಏಣಿ. ಅವನ ಹಿಂದೆ ಸದಾ ನಿದ್ದೆಯಲ್ಲಿರುವ ಕುಂಭಕರ್ಣ. ತರಗತಿ ಬಿದ್ದು ಬಿದ್ದು ನಕ್ಕಿತು. ಕೊನೆಯ ಬೆಂಚಿನ ತುದಿಗೆ, ಕಿಟಕಿಗೆ ಅಂಟಿಕೊಂಡು ಕೂರುವ ಹುಡುಗಿಯ ಜಾಗಕ್ಕೆ ಬಂದಾಗ ಮೇಡಂ ಅವರ ಸೀಮೆಸುಣ್ಣ ನಿಂತಿತು. ಆ ಹುಡುಗಿಗೆ ಯಾರೂ ಅಡ್ಡಹೆಸರು ಇಟ್ಟಿರಲಿಲ್ಲ. ಅಡ್ಡಹೆಸರಿಗೂ ಸ್ವಲ್ಪ ಪ್ರೀತಿ ಬೇಕಲ್ಲ. 'ಕಿಟಕಿ' ಎಂದು ಬರೆದರು.

"ಈಗ ಹೇಳಿ, ಯಾರ ಮೇಲೆ ಗೆರೆ ಎಳೆದ್ರೆ ಕಥೆಗೆ ಏನೂ ಆಗಲ್ಲ?"

ಮಾತಿನಮಲ್ಲಿ ಎದ್ದು ನಿಂತಳು. "ಕಿಟಕಿ, ಮೇಡಂ. ಅವಳು ಮಾತೇ ಆಡಲ್ಲ. ಯಾವ ಜಗಳದಲ್ಲೂ ಇಲ್ಲ, ಆಟದಲ್ಲೂ ಇಲ್ಲ."

"ಹೌದು ಮೇಡಂ," ಎಂದು ಏಣಿ ದನಿಗೂಡಿಸಿದ. "ಕೈ ಎತ್ತಿ," ಎಂದರು ಮೇಡಂ. ಕೈಗಳು ಎದ್ದವು. ಕುಂಭಕರ್ಣ ಕೂಡ ಎಚ್ಚರವಾಗಿ ಒಂದು ಕೈ ಎತ್ತಿ ಮತ್ತೆ ಮಲಗಿದ.

ಮೇಡಂ ಬೋರ್ಡಿನ ಕಡೆ ತಿರುಗಿ 'ಕಿಟಕಿ'ಯ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದರು. ಆಗ ಆ ಹುಡುಗಿ ನಕ್ಕಳೋ ಅತ್ತಳೋ, ಅವರ ಬೆನ್ನಿಗೆ ಕಣ್ಣಿರಲಿಲ್ಲ. ಬೆಲ್ ಹೊಡೆಯಿತು. "ಒರೆಸಬೇಡಿ, ನಾಳೆ ಮುಂದುವರಿಸೋಣ," ಎಂದು ಹೇಳಿ ಹೊರಟರು.

ಗುರುವಾರ ಪಾಠ ಶುರುವಾಗಿ ಐದು ನಿಮಿಷ ಆಗಿರಲಿಲ್ಲ, ಕಿಟಕಿಯ ಬಾಗಿಲು ಢಬ್ ಎಂದು ಬಡಿಯಿತು. ಮೇಡಂ ಪಾಠ ಮುಂದುವರಿಸಿದರು. ಮತ್ತೆ ಬಡಿಯಿತು. ಆ ಕಿಟಕಿಯ ಚಿಲಕ ಜೂನ್ ತಿಂಗಳಲ್ಲೇ ಮುರಿದಿತ್ತು. ಅವರೇ ಅರ್ಜಿ ಬರೆದು ಕೊಟ್ಟು ಮರೆತಿದ್ದರು. ಇಷ್ಟು ತಿಂಗಳು ಅದು ಯಾಕೆ ಬಡಿಯಲಿಲ್ಲ ಎಂದು ಅವರು ಯೋಚಿಸಿದ್ದು ಅವತ್ತೇ ಮೊದಲು.

"ಕಿಟಕಿ ಪಕ್ಕ ಯಾರದು, ಸ್ವಲ್ಪ ಹಿಡ್ಕೊಳ್ಳಮ್ಮ."

"ಅಲ್ಲಿ ಯಾರೂ ಇಲ್ಲ ಮೇಡಂ," ಎಂದಳು ಮಾತಿನಮಲ್ಲಿ.

"ಬಂದಿಲ್ವಾ ಇವತ್ತು?"

"ಯಾರು ಮೇಡಂ?"

ಮೇಡಂ ಬೋರ್ಡಿಗೆ ತಿರುಗಿದರು. ಬೆಂಚುಗಳ ಚಿತ್ರ ಹಾಗೇ ಇತ್ತು, ಅಡ್ಡಹೆಸರುಗಳೂ ಇದ್ದವು. ಕೊನೆಯ ಬೆಂಚಿನ ತುದಿಯಲ್ಲಿ ಉದ್ದನೆಯ ಒಂದು ಗೆರೆ ಮಾತ್ರ. ಗೆರೆಯ ಕೆಳಗೆ ಏನೂ ಇರಲಿಲ್ಲ. ಖಾಲಿ ಜಾಗದ ಮೇಲೆ ಎಳೆದ ಅಡ್ಡಗೆರೆ.

ಹಾಜರಿ ಪುಸ್ತಕ ತೆರೆದರು. ನಲವತ್ತು ಸಾಲು. ತಮ್ಮ ಕೈಬರಹವೇ, ಜೂನ್ ತಿಂಗಳಿನಿಂದ ನಲವತ್ತೇ. ತಿದ್ದಿಟ್ಟ ನೋಟ್ ಪುಸ್ತಕಗಳ ಕಟ್ಟೂ ನಲವತ್ತು. ನಲವತ್ತೊಂದು ಮಕ್ಕಳಿದ್ದರಲ್ಲವೇ ಎಂದು ಪಕ್ಕದ ಕೋಣೆಯ ಲೆಕ್ಕದ ಮೇಷ್ಟ್ರನ್ನು ಕೇಳಿದರೆ ಅವರು ಕನ್ನಡಕದ ಮೇಲಿಂದ ನೋಡಿ, "ನಲವತ್ತೊಂದಾ? ನಿಮ್ಮದು ಭಾಷೆ ಮೇಡಂ, ಎಣಿಸೋ ಕೆಲಸ ನಮಗೆ ಬಿಡಿ," ಎಂದು ನಕ್ಕರು. ಆ ಮನುಷ್ಯ ಹಿಡಿದ ಮೊಲಕ್ಕೆ ಯಾವತ್ತೂ ಮೂರೇ ಕಾಲು.

ತರಗತಿಗೆ ವಾಪಸು ಬಂದು ಮೇಡಂ ಆ ಗೆರೆಯನ್ನು ಒರೆಸಿದರು. ಗೆರೆ ಹೋಯಿತು, ಆದರೆ ಅದರ ಜಾಗದಲ್ಲಿ ಯಾರೂ ಬರಲಿಲ್ಲ. ಹಿಂದೆ ಕಿಟಕಿ ಢಬ್ ಎಂದಿತು.

ಭಯಕ್ಕಿಂತ ಮೊದಲು ಅವರಿಗೆ ಆದದ್ದು ನಾಚಿಕೆ. ಆ ಹುಡುಗಿಯ ಮುಖ ನೆನಪಿಸಿಕೊಳ್ಳಲು ನೋಡಿದರು, ಬರಲಿಲ್ಲ. ಕಿಟಕಿಯ ಅಂಚಿಗೆ ಒತ್ತಿದ ಒಂದು ಮೊಣಕೈ ಮಾತ್ರ ಕಣ್ಣಿಗೆ ಬಂತು. ಜೂನ್ ತಿಂಗಳಿನಿಂದ ಎದುರಿಗೆ ಕೂತ ಮಗುವಿನ ಬಗ್ಗೆ ತನಗೆ ಗೊತ್ತಿರುವುದು ಒಂದು ಮೊಣಕೈ! ಎಲ್ಲರೂ ಮರೆತರು, ಸರಿ. ತಾನು ಮರೆಯಲು ಏನನ್ನಾದರೂ ತಿಳಿದುಕೊಂಡಿದ್ದರೆ ತಾನೆ?

ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರಲ್ಲ, ಹಾಗೆ ಊಟದ ಬಿಡುವಿನಲ್ಲಿ, ಮಕ್ಕಳೆಲ್ಲ ಕೆಳಗಿಳಿದ ಮೇಲೆ, ಮೇಡಂ ಹೋಗಿ ಕೊನೆಯ ಬೆಂಚಿನ ತುದಿಯಲ್ಲಿ ಕೂತರು. ಇಪ್ಪತ್ತಾರು ವರ್ಷಗಳಲ್ಲಿ ಅವರು ಆ ಬೆಂಚಿನಲ್ಲಿ ಕೂತದ್ದು ಅದೇ ಮೊದಲು. ಕಿಟಕಿ ಬಡಿಯದಂತೆ ಬಲ ಮೊಣಕೈ ಒತ್ತಿ ಹಿಡಿದರು. ಮರದ ಅಂಚಿನಲ್ಲಿ ಆ ಜಾಗ ನುಣ್ಣಗೆ ಸವೆದಿತ್ತು. ಅವರ ಮೊಣಕೈಗೆ ಆ ಗುಳಿ ಚಿಕ್ಕದಾಯಿತು.

ಅಲ್ಲಿಂದ ನೋಡಿದರೆ ಬೋರ್ಡು ಬಹಳ ದೂರ. ಮುಂದಿನ ಮಕ್ಕಳ ತಲೆಗಳ ನಡುವೆ ಬೋರ್ಡಿನ ಎದುರು ನಿಂತವರ ಹೆಗಲಷ್ಟೇ ಕಾಣಬಹುದು. ಮಕ್ಕಳಿಗೆ ದೃಷ್ಟಿಕೋನ ಎಂದು ಎಷ್ಟು ಸಲ ಬಾಯಿಪಾಠ ಮಾಡಿಸಿದ್ದರು! ಕಥೆಯನ್ನು ಎಲ್ಲಿ ನಿಂತು ಹೇಳುತ್ತೀವೋ ಅದರ ಮೇಲೆ ಯಾರು ಮುಖ್ಯ, ಯಾರು ಅಮುಖ್ಯ ಅನ್ನುವುದು ನಿಂತಿದೆ ಎಂದು. ಇಲ್ಲಿಂದ ನೋಡಿದರೆ ಉಪಪಾತ್ರ ಅಡ್ಡಗೆರೆ ಮೇಡಮ್ಮೇ.

ಕಿಟಕಿಯ ಆಚೆ ಬೀದಿ ಕಾಣುತ್ತಿತ್ತು. ನೇರ ಎದುರಿಗೆ ಒಂದು ಇಸ್ತ್ರಿ ಅಂಗಡಿ. ಬಾಗಿಲ ಬಳಿ ಬಟ್ಟೆಗಳ ಗಂಟುಗಳು, ಒಳಗೆ ಮೇಜಿನ ಮೇಲೆ ಬಾಗಿ ಉಜ್ಜುತ್ತಿರುವ ಒಬ್ಬ ಹೆಂಗಸು. ಹೊರಗಿನ ಮೊಳೆಗೆ ಒಂದೇ ಒಂದು ಶಾಲೆಯ ಅಂಗಿ ತೂಗುತ್ತಿತ್ತು. ಅದು ಶಾಲೆಯ ಕಡೆಗೆ ಮುಖ ಮಾಡಿತ್ತು.

ಮೇಡಂ ಊಟ ಬಿಟ್ಟು ಬೀದಿ ದಾಟಿದರು.

"ಈ ಅಂಗಿ ಯಾರದ್ದಮ್ಮ?"

ಇಸ್ತ್ರಿಯವಳು ಕೈ ನಿಲ್ಲಿಸಲಿಲ್ಲ. "ನಂಗೂ ಅದೇ ತಿಳೀತಿಲ್ಲ. ಗುರುತಿನ ಚೀಟಿ ಇಲ್ಲ. ಬೆಳಿಗ್ಗೆ ಎದ್ದು ನೋಡಿದ್ರೆ ಇದಕ್ಕೇ ಮೊದಲು ಇಸ್ತ್ರಿ ಹಾಕ್ತಾ ನಿಂತಿದೀನಿ. ಕೈ ತಾನಾಗೇ ಹೋಗಿತ್ತು. ಯಾರೋ ಕೊಟ್ಟಿರ್ಬೇಕು, ಬರ್ತಾರೆ ಅಂತ ಹೊರಗೆ ಹಾಕಿದೀನಿ."

"ಮನೇಲಿ ಯಾರ್ಯಾರಿದೀರಿ?"

"ನಾನೊಬ್ಬಳೇ." ಅಷ್ಟು ಹೇಳಿ ಅವಳು ಪೆಟ್ಟಿಗೆಯನ್ನು ಎತ್ತಿ ಪಕ್ಕಕ್ಕಿಟ್ಟಳು. ದನಿ ತಗ್ಗಿತು. "ಒಂದು ಮಾತು ಹೇಳ್ಲಾ? ನಗಬೇಡಿ. ಬೆಳಿಗ್ಗೆ ಎರಡು ಲೋಟ ಹಾಲು ಕಾಯಿಸಿದೀನಿ. ಬಾಚಣಿಗೇಲಿ ಇಷ್ಟುದ್ದ ಕೂದಲಿತ್ತು. ನಂದು ನೋಡಿ, ಕುತ್ತಿಗೆ ದಾಟಲ್ಲ. ಯಾರ ಕೂದಲು ಮೇಡಂ ಅದು?"

ಮೇಡಂ ನಗಲಿಲ್ಲ. "ಅಂಗಿ ಸ್ವಲ್ಪ ಕೊಡಿ," ಎಂದು ಕೇಳಿ ತೆಗೆದುಕೊಂಡು ಬೆಳಕಿಗೆ ಹಿಡಿದರು. ಉತ್ತರಪತ್ರಿಕೆ ಓದುವಷ್ಟೇ ನಿಗಾ ಇಟ್ಟು ಓದಿದರು. ಎಡಗೈ ತೋಳಿನ ತುದಿಯಲ್ಲಿ ಮಸಿ: ಎಡಗೈಯಲ್ಲಿ ಬರೆಯುವವಳು. ತೋಳಿನ ಮಡಿಕೆಯನ್ನು ಎರಡು ಸಲ ಬಿಚ್ಚಿ ಉದ್ದ ಮಾಡಿದ ಗುರುತು: ಬೇಗ ಬೇಗ ಬೆಳೆಯುತ್ತಿರುವವಳು. ಬಲ ಮೊಣಕೈ ಸವೆದು, ಒಳಗಿಂದ ತೇಪೆ. ತೇಪೆಯ ಹೊಲಿಗೆ ಸಣ್ಣ ಸಣ್ಣದಾಗಿ, ಬಹಳ ಅಕ್ಕರೆಯಿಂದ ಹಾಕಿದ್ದು.

"ಈ ತೇಪೆ ಯಾರ ಹೊಲಿಗೆ?"

ಇಸ್ತ್ರಿಯವಳು ನೋಡಿದಳು. ಬೆರಳಿನಿಂದ ಮುಟ್ಟಿದಳು. "ನನ್ನ ಹೊಲಿಗೆ," ಎಂದಳು. ಅವಳ ಕಣ್ಣು ತುಂಬಿತು. ಯಾಕೆ ಎಂದು ಅವಳಿಗೇ ತಿಳಿಯಲಿಲ್ಲ. "ಯಾರಿಗೆ ಹಾಕಿದ್ದು ಮೇಡಂ ನಾನು ಇದನ್ನ?"

ಮೇಡಂ ಅಂಗಿಯನ್ನು ಮತ್ತೆ ಮೊಳೆಗೆ ಹಾಕಿ ಬೀದಿ ದಾಟಿ ಬಂದರು. ಬರುವಾಗ ಶಾಲೆಯ ಗೇಟಿನಲ್ಲಿ ಹೆಡ್‌ಮಾಸ್ಟರರ ಚೀಟಿ ಕಂಡಿತು: ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ಒಂಬತ್ತನೇ ತರಗತಿಯ ಗ್ರೂಪ್ ಫೋಟೋ. ಕೈಬರಹವನ್ನು ಎಷ್ಟು ಬೇಕಾದರೂ ತಿದ್ದಬಹುದು, ಅಚ್ಚಾದ ಮೇಲೆ ತಿದ್ದಲಾಗದು ಎಂದು ಮಕ್ಕಳಿಗೆ ಸಾವಿರ ಸಲ ಹೇಳಿದವರು ಅವರೇ. ಆ ಫೋಟೋದಲ್ಲಿ ನಲವತ್ತು ಮುಖ ಬಿದ್ದರೆ ಮುಗಿಯಿತು. ಆ ತರಗತಿಯಲ್ಲಿ ಇದ್ದದ್ದು ನಲವತ್ತೇ. ಎದುರಂಗಡಿಯ ತಾಯಿ ಸಾಯುವ ತನಕ ಯಾರದೋ ಅಂಗಿಗೆ ಇಸ್ತ್ರಿ ಹಾಕುತ್ತಿರುತ್ತಾಳೆ. ಅದಕ್ಕೆ ಮುಂಚೆ ಹುಡುಗಿ ವಾಪಸು ಬರಬೇಕು. ಗೆರೆಯಿಂದ ಹೋದವಳು ಒರೆಸಿದರೆ ಬರಲಿಲ್ಲ. ಹಾಗಾದರೆ ಬರೆದೇ ಕರೆಯಬೇಕು.

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಮೇಡಂ ಬಂದು, ನಮಸ್ಕಾರಕ್ಕೂ ಕಾಯದೆ, ಬೋರ್ಡನ್ನು ಪೂರ್ತಿ ಒರೆಸಿದರು.

"ಇವತ್ತು ಒಂದು ಪಾತ್ರ ಕಟ್ಟೋಣ. ಗಂಟೆ ಒಳಗೆ ಮುಗೀಬೇಕು. ಒಂದು ಹುಡುಗಿ. ನಿಮ್ಮ ವಯಸ್ಸು. ನಾನು ಹೇಳಿದ್ದನ್ನ ಬರ್ಕೊಳ್ಳಿ, ಸುಮ್‌ಸುಮ್ನೆ ಏನೂ ಸೇರಿಸಬೇಡಿ."

ಮಕ್ಕಳು ಮುಖ ಮುಖ ನೋಡಿಕೊಂಡರು. ಕಿಟಕಿ ಬಡಿಯುತ್ತಲೇ ಇತ್ತು. ಮೇಡಂ ಬರೆಯತೊಡಗಿದರು. ಸ್ಥಳ: ಕೊನೆಯ ಬೆಂಚಿನ ತುದಿ, ಮುರಿದ ಚಿಲಕದ ಕಿಟಕಿಯ ಪಕ್ಕ. ಕಾಲ: ಜೂನ್ ತಿಂಗಳಿನಿಂದ, ಪ್ರತಿ ದಿನ. ಮನೆ: ಎದುರಿನ ಇಸ್ತ್ರಿ ಅಂಗಡಿ, ತಾಯಿ ಮಗಳು ಇಬ್ಬರೇ. ಮೈ: ಉದ್ದ ಕೂದಲು, ಬೆಳೆಯುತ್ತಿರುವ ಕೈಗಳು, ಎಡಗೈ ಬರಹ. ಸಂಘರ್ಷ: ಗಾಳಿ ದಿನವಿಡೀ ಕಿಟಕಿಯನ್ನು ನೂಕುತ್ತದೆ. ನಲವತ್ತು ಮಕ್ಕಳು ಪಾಠ ಕೇಳಲೆಂದು ಅವಳು ಅದನ್ನು ಮೊಣಕೈಯಿಂದ ತಡೆಯುತ್ತಾಳೆ. ಅವಳು ತಡೆಯುತ್ತಿದ್ದಾಳೆಂದು ಯಾರಿಗೂ ಗೊತ್ತಿಲ್ಲ.

ಏಣಿ ಹಿಂದೆ ತಿರುಗಿ ಖಾಲಿ ಜಾಗವನ್ನು ನೋಡಿದ. "ಮೇಡಂ, ಇವಳು ನಿಜವಾಗ್ಲೂ..." ಎಂದ.

ಕಿಟಕಿ ಈಗ ಬಡಿಯುವುದು ನಿಧಾನವಾಗಿತ್ತು. ಯಾರೋ ಹಿಡಿಯುತ್ತಾ, ಮತ್ತೆ ಕೈ ಜಾರುತ್ತಾ ಇದ್ದ ಹಾಗೆ.

"ಇನ್ನೂ ಏನೋ ಸಾಲ್ತಿಲ್ಲ," ಎಂದು ಮೇಡಂ ಗೊಣಗಿಕೊಂಡರು.

"ಗುರುತು ಬೇಕಲ್ಲ ಮೇಡಂ," ಎಂದಳು ಮಾತಿನಮಲ್ಲಿ. "ನೀವೇ ಹೇಳಿದ್ದು. ಒಂದು ಗುರುತಿದ್ರೆ ಓದೋರಿಗೆ ಮರೆಯಲ್ಲ ಅಂತ. ಗಲ್ಲದ ಮೇಲೆ ಒಂದು ಮಚ್ಚೆ ಇಡಿ. ಎಡಗಡೆ."

"ಇತ್ತಾ? ನಿನಗೆ ನೆನಪಿದ್ಯಾ?"

"ನೆನಪಾ? ಪಾತ್ರ ಅಲ್ವಾ ಮೇಡಂ? ಇಡೋದು ನಾವೇ ತಾನೆ?"

ಕೆಳಗೆ ಅಂಗಳದಲ್ಲಿ ಬೆಂಚುಗಳನ್ನು ಎಳೆಯುವ ಸದ್ದು. ಫೋಟೋಗ್ರಾಫರ್ ಬಂದಿದ್ದ. ಹೆಡ್‌ಮಾಸ್ಟರರು ಮೆಟ್ಟಿಲ ಬುಡದಿಂದಲೇ, "ಬೇಗ ಕಳಿಸಿ ಮೇಡಂ, ಮೋಡ ಕವಿಯುತ್ತೆ," ಎಂದು ಕೂಗಿದರು. ಗಡಿಯಾರದಲ್ಲಿ ಹತ್ತು ಐವತ್ತೈದು. ಸುಳ್ಳನ್ನು ಕಂಡ ಕೂಡಲೇ ಹೊಡೆದುಹಾಕುವ ಆ ಕೈ ಅವತ್ತು ಬರೆಯಿತು: ಗುರುತು, ಎಡಗಲ್ಲದ ಮೇಲೆ ಮಚ್ಚೆ.

ಇನ್ನು ಒಂದೇ ಉಳಿದಿತ್ತು. ಬಯಕೆ, ಎಂದು ಬರೆದರು. ಸೀಮೆಸುಣ್ಣ ಬೋರ್ಡಿಗೆ ತಾಗಿಕೊಂಡೇ ನಿಂತಿತು. ಆ ಹುಡುಗಿಗೆ ಏನು ಬೇಕಿತ್ತು? ಅಂಗಿ ಅದನ್ನು ಹೇಳಿರಲಿಲ್ಲ, ಕಿಟಕಿಯೂ ಹೇಳಿರಲಿಲ್ಲ. ತಾಯಿಗೆ ಮಗಳೇ ನೆನಪಿಲ್ಲ. ಮಚ್ಚೆಯನ್ನೇನೋ ಇಟ್ಟದ್ದಾಯಿತು, ಇದನ್ನು ಮಾತ್ರ ಹುಟ್ಟಿಸಿ ಬರೆಯಲು ಅವರಿಗೆ ಧೈರ್ಯ ಬರಲಿಲ್ಲ. ಆಮೇಲೆ ನೋಡಿಕೊಂಡರಾಯಿತು ಎಂದು ಜಾಗ ಖಾಲಿ ಬಿಟ್ಟರು.

ಅಷ್ಟರಲ್ಲಿ ಕಿಟಕಿಯ ಸದ್ದು ನಿಂತಿತ್ತು.

ಮೇಡಂ ತಿರುಗಿದರು. ಕೊನೆಯ ಬೆಂಚಿನ ತುದಿಯಲ್ಲಿ ಒಬ್ಬ ಹುಡುಗಿ ಕೂತು, ಬಲ ಮೊಣಕೈಯನ್ನು ಕಿಟಕಿಗೆ ಒತ್ತಿ, ಎಡಗೈಯಲ್ಲಿ ಬೋರ್ಡಿನ ಮೇಲಿದ್ದದ್ದನ್ನು ನೋಟ್ ಪುಸ್ತಕಕ್ಕೆ ಇಳಿಸಿಕೊಳ್ಳುತ್ತಿದ್ದಳು. ಯಾರೂ ಬೆಚ್ಚಲಿಲ್ಲ. ಏಣಿ ಅವಳ ಹತ್ತಿರ ರಬ್ಬರ್ ಕೇಳಿ ಇಸಿದುಕೊಂಡ. ಮೇಜಿನ ಮೇಲಿದ್ದ ಹಾಜರಿ ಪುಸ್ತಕದಲ್ಲಿ ನಲವತ್ತೊಂದು ಸಾಲು.

ಫೋಟೋಗೆ ನಿಲ್ಲಿಸುವಾಗ ಮೇಡಂ ತಾವೇ ಎಣಿಸಿದರು, ಮೂರು ಸಲ. ನಲವತ್ತೊಂದು. ಫೋಟೋಗ್ರಾಫರ್ "ನಗಿ" ಎಂದ. ಎಲ್ಲರಿಗಿಂತ ಮೊದಲು ನಕ್ಕವರು ಅಡ್ಡಗೆರೆ ಮೇಡಂ. ಅವರ ಕೆನ್ನೆ ಒದ್ದೆಯಾಗಿತ್ತು, ಅದೂ ಅಚ್ಚಾಯಿತು.

ಸಂಜೆ ಶಾಲೆ ಬಿಟ್ಟ ಮೇಲೆ ಅವರ ಕಾಲು ಮನೆಯ ದಾರಿ ಹಿಡಿಯದೆ ಬೀದಿಯ ಆಚೆ ಬದಿಗೆ ಹೋಯಿತು. ಕಣ್ಣಾರೆ ನೋಡಿ ಸಮಾಧಾನ ಮಾಡಿಕೊಳ್ಳಬೇಕಿತ್ತು. ಅಂಗಡಿಯ ಮೊಳೆ ಖಾಲಿ ಇತ್ತು. ಒಳಗೆ ಇಸ್ತ್ರಿಯವಳು ಮಗಳನ್ನು ದೀಪದ ಕೆಳಗೆ ನಿಲ್ಲಿಸಿಕೊಂಡು, ಒದ್ದೆ ಬಟ್ಟೆಯ ತುದಿಯಿಂದ ಅವಳ ಎಡಗಲ್ಲವನ್ನು ಉಜ್ಜುತ್ತಿದ್ದಳು.

"ಬನ್ನಿ ಮೇಡಂ. ನೋಡಿ ಇವಳ ಅವತಾರ. ಮುಖಕ್ಕೆಲ್ಲ ಮಸಿ ಬಳ್ಕೊಂಡು ಬಂದಿದಾಳೆ, ಉಜ್ಜಿ ಉಜ್ಜಿ ಕೈ ಸೋತ್ಹೋಯ್ತು."

"ಮಸಿ ಅಲ್ಲಮ್ಮ ಅದು," ಎಂದಳು ಹುಡುಗಿ. "ಮಚ್ಚೆ."

"ಹದಿನಾಲ್ಕು ವರ್ಷ ಇಲ್ಲದ್ದು ಇವತ್ತು ಎಲ್ಲಿಂದ ಬಂತೇ ಮಚ್ಚೆ? ಹೆತ್ತೋಳಿಗೆ ಹೇಳ್ತಾಳೆ!" ತಾಯಿ ನಕ್ಕಳು. ನಗುತ್ತಾ ಇನ್ನೊಮ್ಮೆ ಉಜ್ಜಿದಳು. ಆಮೇಲೆ ನಗು ನಿಂತಿತು. ಅವಳು ಮಗಳ ಗಲ್ಲ ಹಿಡಿದು ದೀಪಕ್ಕೆ ತಿರುಗಿಸಿ, ಬಹಳ ಹೊತ್ತು, ಅಂಗಡಿಗೆ ಬಂದ ಬೇರೆ ಯಾರದೋ ಬಟ್ಟೆಯನ್ನು ನೋಡುವ ಹಾಗೆ ನೋಡಿದಳು. ಒಲೆಯ ಮೇಲೆ ಹಾಲು ಉಕ್ಕುವ ವಾಸನೆ ಬಂದು ಒಳಗೆ ಓಡಿದಳು.

ಅಂಗಡಿಯಲ್ಲಿ ಇಬ್ಬರೇ ಉಳಿದರು. ಮೇಡಂ ಅವರಿಗೆ ಆ ಹುಡುಗಿಯ ಮುಖವನ್ನು ನೇರ ನೋಡಲು ಹೆದರಿಕೆಯಾಯಿತು. ಆದರೂ ನೋಡಿದರು, ಇನ್ನು ಮೇಲೆ ನೋಡದೆ ಇರಬಾರದು ಎಂದು ಆಣೆ ಮಾಡಿಕೊಂಡಿದ್ದರು. ಒಳ್ಳೆಯ ಮುಖ. ಶಾಂತವಾಗಿತ್ತು. ಬೇಕಾದ್ದಕ್ಕಿಂತ ಶಾಂತವಾಗಿತ್ತು.

"ಮೇಡಂ, ಒಂದು ಕೇಳ್ಲಾ?" ಹುಡುಗಿ ಚೀಲದಿಂದ ನೋಟ್ ಪುಸ್ತಕ ತೆಗೆದು ಮೇಜಿನ ಮೇಲೆ ಬಿಚ್ಚಿದಳು. ಬೆಳಿಗ್ಗೆ ಬೋರ್ಡಿನಿಂದ ಇಳಿಸಿಕೊಂಡ ಪುಟ. ಸ್ಥಳ, ಕಾಲ, ಮನೆ, ಮೈ, ಸಂಘರ್ಷ, ಗುರುತು, ಎಲ್ಲವೂ ಎಡಗೈಯ ವಾಲಿದ ಅಕ್ಷರಗಳಲ್ಲಿ ಇದ್ದವು. ಕೊನೆಯ ಸಾಲು ಖಾಲಿ. "ಇದು ಬಿಟ್ಹೋಗಿದೆ. ಮಧ್ಯಾಹ್ನದಿಂದ ಯೋಚನೆ ಮಾಡ್ತಿದೀನಿ. ನಾನು ದೊಡ್ಡೋಳಾದ್ಮೇಲೆ ಏನೋ ಆಗ್ಬೇಕು ಅಂತಿದ್ದೆ. ಏನು ಅಂತ ಬರ್ತಿಲ್ಲ. ಊಟಕ್ಕೆ ಏನಿಷ್ಟ ಅಂತ ಅಮ್ಮ ಕೇಳಿದ್ಲು, ಅದೂ ಬರ್ಲಿಲ್ಲ. ನಿಮಗೆ ಯಾವತ್ತಾದ್ರೂ ಹೇಳಿದ್ನಾ?"

"ಇಲ್ಲಮ್ಮ," ಎಂದರು ಮೇಡಂ. "ನಾನು ಯಾವತ್ತೂ ಕೇಳ್ಲಿಲ್ಲ. ಈಗ ಕೇಳ್ತೀನಿ. ಹೇಳು, ನಿನಗೇನು ಬೇಕು?"

ಹುಡುಗಿ ಕಣ್ಣು ಮುಚ್ಚಿ ಹುಡುಕಿದಳು. ಬಿಟ್ಟಳು. ಎಲ್ಲೂ ಏನೂ ಸಿಗಲಿಲ್ಲ ಎನ್ನುವುದು ಅವಳ ಮುಖದಲ್ಲಿ ಕಂಡಿತು. ಅದರಿಂದ ಅವಳಿಗೆ ದುಃಖವೂ ಆದ ಹಾಗಿರಲಿಲ್ಲ.

"ಪರವಾಗಿಲ್ಲ ಮೇಡಂ," ಎಂದು ಅವಳು ಮೇಡಂ ಅವರ ಜೋಳಿಗೆಯ ಅಂಚಿಗೆ ಸಿಕ್ಕಿಸಿದ್ದ ಕೆಂಪು ಪೆನ್ನನ್ನು ತಾನೇ ತೆಗೆದು, ಮುಚ್ಚಳ ಬಿಚ್ಚಿ, ಅವರ ಕಡೆ ಚಾಚಿದಳು. "ನೀವೇ ಏನಾದ್ರೂ ಬರೀರಿ. ನೀವು ಬರೆದ ಹಾಗೆ ಆಗ್ತೀನಿ."

ಅಡ್ಡಗೆರೆ ಮೇಡಂ ಪೆನ್ನು ತೆಗೆದುಕೊಳ್ಳಲಿಲ್ಲ. ತೆಗೆದುಕೊಳ್ಳದೆ ಇರಲು ಎರಡೂ ಕೈಗಳನ್ನು ಬೆನ್ನ ಹಿಂದೆ ಗಟ್ಟಿಯಾಗಿ ಹಿಡಿದುಕೊಳ್ಳಬೇಕಾಯಿತು.